ಕಾಡಮ್ಮ ಗುಡ್ಡ ಅಗೆಯಬಹುದೇ?

ಆಟಕ್ಕೆ ಕೂತವರು ತಾವು ಯಾರೆಂಬುದನ್ನು ಮರೆತುಬಿಡಬೇಕು ಎಂದು ನಮ್ಮ ಆಟದ ಪುಸ್ತಕದ ಮೊದಲ ಪುಟದಲ್ಲೇ ಬರೆದಿದೆ. ನಮ್ಮಲ್ಲಿ ಇದುವರೆಗೆ ಒಬ್ಬರೂ ಮರೆತಿಲ್ಲ. ಹಾಗಾಗಿ ಭಾನುವಾರ ಬಂತೆಂದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ.

ನಾನು ಹೊಸಪೇಟೆಯ ಒಂದು ಲಾಡ್ಜಿನ ಮ್ಯಾನೇಜರು. ಹಂಪಿ ನೋಡಲು ಬಂದು ನಮ್ಮಲ್ಲಿ ಉಳಿದಿದ್ದ ಒಬ್ಬ ವಿದೇಶಿ ಪ್ರವಾಸಿ ಹೊರಡುವಾಗ ಬ್ಯಾಗು ಭಾರವಾಯಿತೆಂದು ಒಂದು ದಪ್ಪ ಪುಸ್ತಕವನ್ನೂ ಒಂದು ಚೀಲ ದಾಳಗಳನ್ನೂ ಕೌಂಟರಿನ ಮೇಲೆ ಇಟ್ಟು ಹೋದ. ನಮ್ಮ ಪಗಡೆಯ ದಾಳಗಳಲ್ಲ, ಒಂದಕ್ಕೆ ಎಂಟು ಮುಖ, ಇನ್ನೊಂದಕ್ಕೆ ಇಪ್ಪತ್ತು. ಆಟ ಇಷ್ಟೇ. ಒಬ್ಬರು ಕಥೆ ಹೇಳಬೇಕು. ಉಳಿದವರು ಒಂದೊಂದು ಪಾತ್ರ ಹಿಡಿದು, ಆ ಕಥೆಯೊಳಗೆ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪುಸ್ತಕ ನನ್ನ ಕೈಗೆ ಸಿಕ್ಕಿದ ತಪ್ಪಿಗೆ ಕಥೆ ಹೇಳುವ ಕೆಲಸ ನನ್ನ ಕೊರಳಿಗೇ ಬಿತ್ತು.

ಯಾರಿಗೆ ಯಾವ ಪಾತ್ರ

ಆಡಲು ಬಂದವರು ಮೂವರು. ಮೊದಲನೆಯವರು ಸಂಡೂರಿನ ಕಡೆ ಕಬ್ಬಿಣದ ಅದಿರಿನ ಗಣಿಯಲ್ಲಿ ಬ್ಲಾಸ್ಟಿಂಗ್ ನೋಡಿಕೊಳ್ಳುವ ಇಂಜಿನಿಯರ್ ಮೇಡಂ. ಎರಡನೆಯವರು ಹಂಪಿಯ ಒಂದು ಚಿಕ್ಕ ಗುಡಿಯಲ್ಲಿ ಪೂಜೆ ಮಾಡುವ ಆಚಾರ್ಯರು, ನಮ್ಮ ಬಾಯಲ್ಲಿ ಆಚಾರ್ರು. ಮೂರನೆಯವರು ದರೋಜಿ ಕರಡಿಧಾಮದ ಕಡೆ ಕೆಲಸ ಮಾಡುವ ಫಾರೆಸ್ಟ್ ಗಾರ್ಡ್.

ನಾನು ಪುಸ್ತಕ ನೋಡಿ ಪಾತ್ರಗಳನ್ನು ಓದಿ ಹೇಳಿದೆ. ಒಬ್ಬ ಕುಳ್ಳ, ನೆಲದೊಳಗೆ ಸುರಂಗ ಕೊರೆದು ಬಂಗಾರ ತೆಗೆಯುವವನು. ಒಬ್ಬ ಕಳ್ಳ. ಒಬ್ಬಳು ಕಾಡು ಕಾಯುವವಳು, ಗಿಡಮರ, ಪ್ರಾಣಿಗಳ ಜೊತೆ ಮಾತಾಡುವವಳು. ಅವಳಿಗೆ ನಾವು ಕಾಡಮ್ಮ ಎಂದು ಹೆಸರಿಟ್ಟೆವು.

ಮೇಡಂ ಗಣಿಯವರು, ಕುಳ್ಳನನ್ನು ತೆಗೆದುಕೊಳ್ಳುತ್ತಾರೆ, ಗಾರ್ಡ್ ಕಾಡಮ್ಮನನ್ನು ಆಡುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ. ಮೇಡಂ ಓದಿ ಮುಗಿಯುವುದಕ್ಕೂ ಬಿಡಲಿಲ್ಲ. "ಕಾಡಮ್ಮ ನನಗ ಇರಲ್ರಿ. ವಾರಪೂರ್ತಿ ಗುಡ್ಡ ಒಡದು ಒಡದು ಸಾಕಾಗೈತಿ."

ಗಾರ್ಡ್‌ಗೆ ಬೇಜಾರಾದೀತೆಂದು ಅವರ ಕಡೆ ನೋಡಿದೆ. ಅವರು ಆಗಲೇ ಕಳ್ಳನ ಚಿತ್ರ ನೋಡುತ್ತ ಕೂತಿದ್ದರು.

"ತಗೊಳ್ರಿ ಮೇಡಂ, ಧಾರಾಳ ತಗೊಳ್ರಿ. ಕಾಡು ಕಾಯೋದು ಎಷ್ಟು ತ್ರಾಸು ಅಂತ ನಿಮಗೂ ಗೊತ್ತಾಗ್ಲಿ. ನಾನು ಒಂದಿನ ಆದ್ರೂ ಕದ್ದು ಓಡಿ ನೋಡ್ತೀನಿ. ಬರೀ ಕಳ್ಳರ ಬೆನ್ನ ಹಿಂದ ಓಡೋದ ಆಗೈತಿ."

ಕುಳ್ಳನ ಊಟ

ಹೀಗೆ ಉಳಿದ ಕುಳ್ಳ ಆಚಾರ್ಯರ ಪಾಲಿಗೆ ಬಂದ. ಪುಸ್ತಕದ ಪ್ರಕಾರ ಈ ಕುಳ್ಳ ಮಹಾ ಒರಟ, ಗಡ್ಡಧಾರಿ, ಕೈಯಲ್ಲಿ ಕೊಡಲಿ, ಬಾಯಲ್ಲಿ ಬೈಗುಳ. ಆಚಾರ್ಯರು ಬಹಳ ಶ್ರದ್ಧೆಯಿಂದಲೇ ಶುರು ಮಾಡಿದರು.

ಮೊದಲ ದಿನ ಮೂವರನ್ನೂ ಕಾಡಿನಂಚಿನ ಒಂದು ಛತ್ರಕ್ಕೆ ಕರೆದುಕೊಂಡು ಹೋದೆ. "ದಣಿದು ಬಂದಿದ್ದೀರಿ, ಛತ್ರದ ಯಜಮಾನ ದೊಡ್ಡ ತಟ್ಟೆಯಲ್ಲಿ ಬಿಸಿಬಿಸಿ ಊಟ ತಂದಿಟ್ಟ" ಎಂದೆ. ಕಳ್ಳ ಉಂಡ, ಕಾಡಮ್ಮ ಉಂಡಳು. ಕುಳ್ಳ ಕೈ ಹಾಕಲಿಲ್ಲ.

"ಯಾಕೆ ಆಚಾರ್ರೇ?"

"ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕ್ಯಾರೇನ್ರಿ ಅದಕ್ಕ?"

"ಈರುಳ್ಳಿ, ಬೆಳ್ಳುಳ್ಳಿ ಇದ್ರೇನು? ಊಟ ಮಾಡೋದು ನೀವಲ್ಲ, ಕುಳ್ಳ."

"ಕುಳ್ಳನ ಬಾಯಿ ಅಂದ್ರೂ ಹೇಳೋ ನಾಲಿಗಿ ನಂದೇ ಅದರೀ" ಎಂದರು. ಕುಳ್ಳ ಅವತ್ತು ಎರಡು ಬಾಳೆಹಣ್ಣು ತಿಂದು ಮಲಗಿದ. ಮಾರನೆಯ ದಿನ ಹಸಿವಿನಿಂದ ಅವನ ಶಕ್ತಿ ಕುಂದಿತು ಎಂದು ನಾನು ಹೇಳಿದಾಗ ಆಚಾರ್ಯರು ಒಂದಿಷ್ಟೂ ವಿಚಲಿತರಾಗಲಿಲ್ಲ. ಅಂದು ಏಕಾದಶಿ, ಹೇಗೂ ಉಪವಾಸವೇ ಎಂದರು.

ಕೊಂಬಿನ ಸೈರನ್

ಕಥೆಯಲ್ಲಿ ಒಂದು ಗುಹೆ. ಒಳಗೆ ಕದ್ದ ಖಜಾನೆ ಇಟ್ಟುಕೊಂಡು ರಾಕ್ಷಸರು ಗೊರಕೆ ಹೊಡೆಯುತ್ತಿದ್ದಾರೆ. ಗುಹೆಯ ಬಾಯಿಗೆ ಮೇಲಿಂದ ಉರುಳಿದ ಒಂದು ಬಂಡೆ ಅಡ್ಡ ಕೂತಿದೆ. ಕುಳ್ಳನ ಹತ್ತಿರ ಮದ್ದಿನ ಪುಡಿ ಇದೆ. ಸದ್ದಿಲ್ಲದೆ ಹೋಗಿ ಬಂಡೆ ಹಾರಿಸಬೇಕು, ರಾಕ್ಷಸರು ಕಣ್ಣುಜ್ಜಿಕೊಳ್ಳುವುದರೊಳಗೆ ಮೇಲೆ ಬೀಳಬೇಕು. ಕಳ್ಳನೇ ಹಾಕಿದ ಉಪಾಯ ಇದು.

ಕಾಡಮ್ಮನ ಸೊಂಟದಲ್ಲಿ ಪ್ರಾಣಿಗಳನ್ನು ಕರೆಯಲು ಊದುವ ಒಂದು ಕೊಂಬಿದೆ, ಜೊತೆಗೆ ಒಂದು ವ್ರತವೂ ಇದೆ. ಗುಡ್ಡಕ್ಕೆ ಗಾಯ ಮಾಡಬಾರದು, ಮಾಡಿದರೆ ಅವಳ ಶಕ್ತಿಯೆಲ್ಲ ಹೋಗುತ್ತದೆ. ಆದರೆ ಇದು ಬಿದ್ದ ಬಂಡೆ, ಗುಡ್ಡದಿಂದ ಆಗಲೇ ಬೇರೆಯಾದದ್ದು. ಹಾಗಾಗಿ ಮೇಡಂ ಒಪ್ಪಿದರು. ಮದ್ದು ಎಲ್ಲಿ ತುಂಬಬೇಕು, ಬತ್ತಿ ಎಷ್ಟು ಉದ್ದ ಬಿಡಬೇಕು ಎಲ್ಲ ಹೇಳಿದರು. ಆಚಾರ್ಯರು ಬತ್ತಿ ಹಚ್ಚುತ್ತೇನೆ ಎನ್ನುವಷ್ಟರಲ್ಲಿ ಮೇಡಂ ಕೈ ಎತ್ತಿದರು.

"ತಡೀರಿ. ಮೊದ್ಲು ನನ್ನ ಕೊಂಬು ಊದ್ತೀನಿ."

"ಯಾಕ್ರೀ ಮೇಡಂ?" ಗಾರ್ಡ್ ಗಾಬರಿಯಾದರು.

"ಸೈರನ್ ಆಗಲಾರದ ಬ್ಲಾಸ್ಟ್ ಮಾಡಾಕ ಬರಂಗಿಲ್ಲ ಅಣ್ಣ."

"ಅಯ್ಯೋ, ಒಳಗ ರಾಕ್ಷಸರು ಮಲಗ್ಯಾರ!"

"ಅದಕ್ಕ ಊದೋದು. ಒಳಗ ಮಂದಿ ಅದಾರಂದ್ರ ಸೈರನ್ ಇನ್ನೂ ಜೋರಾಗಿ ಆಗಬೇಕು."

ಊದಿಯೇಬಿಟ್ಟರು. ಈಗ ರಾಕ್ಷಸರು ಏನು ಮಾಡಿದರೆಂದು ನಾನು ಹೇಳಬೇಕು. ಮೇಡಂನ ಕಾಲೆಳೆಯೋಣ ಎನಿಸಿತು. ರಾಕ್ಷಸರೆಲ್ಲ ಎದ್ದರು, ಖಜಾನೆ ತಲೆ ಮೇಲೆ ಹೊತ್ತರು, ಸಾಲಾಗಿ ಹಿಂಬಾಗಿಲಿನಿಂದ ಸುರಕ್ಷಿತ ಜಾಗಕ್ಕೆ ಹೋದರು ಎಂದೆ. ಮೇಡಂಗೆ ತಮಾಷೆ ಎಂದು ಅನಿಸಲೇ ಇಲ್ಲ. "ಮತ್ತ? ಸೈರನ್ ಆದಮ್ಯಾಲ ನಮ್ಮ ಕಡೆ ನಾಯಿ ಸೈತ ಕುಂದ್ರಂಗಿಲ್ಲ" ಎಂದರು.

ಬಂಡೆ ಹಾರಿತು. ಖಜಾನೆಯಾದರೂ ನೋಡೋಣ ಎಂದು ಕಳ್ಳ ಒಳಗೆ ಓಡಿದರೆ ಮೇಡಂ ಅಂಗಿ ಹಿಡಿದು ಎಳೆದರು. ಸಿಡಿಯದ ಮದ್ದು ಉಳಿದಿದೆಯೋ ಎಂದು ಚೆಕ್ ಮಾಡಿ, ಆಲ್ ಕ್ಲಿಯರ್ ಸೈರನ್ ಕೊಡುವ ತನಕ ಯಾರೂ ವಾಪಸ್ ಬರುವ ಹಾಗಿಲ್ಲವಂತೆ. ಅವರು ಚೆಕ್ ಮಾಡಿ ಕೊಂಬು ಊದುವುದರೊಳಗೆ ರಾಕ್ಷಸರು ಖಜಾನೆಯೊಂದಿಗೆ ಗಡಿ ದಾಟಿದ್ದರು.

ಅವತ್ತು ಸಂತೋಷವಾಗಿದ್ದವರು ಮೇಡಂ ಒಬ್ಬರೇ. "ಒಬ್ರಿಗೂ ಗಾಯ ಆಗ್ಲಿಲ್ಲ ನೋಡ್ರಿ" ಎಂದರು. ನಾವು ಗಾಯ ಮಾಡುವುದಕ್ಕೇ ಹೋಗಿದ್ದು ಎಂದು ಗಾರ್ಡ್ ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ.

ಕರಡಿ

ಕಾಡಮ್ಮನಿಗೆ ಜೊತೆಗಾರ ಪ್ರಾಣಿಯೊಂದು ಇರಬೇಕು. ಗಾರ್ಡ್‌ಗೆ ಖುಷಿಯಾಗಲಿ ಎಂದು ಮೇಡಂ ಕರಡಿ ಆರಿಸಿಕೊಂಡರು. ಗಾರ್ಡ್ ಮುಖ ಬಿಳುಚಿಕೊಂಡಿತು.

"ಕರಡಿ ಜೋಡಿ ದೋಸ್ತಿ ಆಗಂಗಿಲ್ಲ ಮೇಡಂ. ಮೊಲ ತಗೊಳ್ರಿ."

ಮೇಡಂ ಬಿಡಲಿಲ್ಲ. ಅಂದಿನಿಂದ ನಮ್ಮ ಶೂರ ಕಳ್ಳ ಎಲ್ಲ ಯುದ್ಧಗಳಲ್ಲೂ ಕರಡಿಗೆ ಬೆನ್ನು ತೋರಿಸದೆ, ಮೆಲ್ಲಗೆ ಹಿಂದೆ ಹಿಂದೆ ಸರಿಯುತ್ತಲೇ ಇದ್ದಾನೆ. ಎದುರಿಗೆ ಶತ್ರು ಇದ್ದಾನೆ ಎಂದು ನಾನು ಎಚ್ಚರಿಸಿದರೆ ಗಾರ್ಡ್, "ಶತ್ರು ದಾಳ ಬಿದ್ದಂಗ ಕೇಳ್ತಾನ, ಕರಡಿ ಕೇಳಂಗಿಲ್ಲ" ಎನ್ನುತ್ತಾರೆ.

ಈ ಕರಡಿಯಿಂದಲೇ ಆ ದೊಡ್ಡ ವಾದ ಶುರುವಾಯಿತು. ಒಂದು ಭಾನುವಾರ ಕರಡಿಗೆ ಹಸಿವಾಗಿ ಹುತ್ತ ಅಗೆದು ಗೆದ್ದಲು ತಿಂದಿತು ಎಂದೆ. ಆಚಾರ್ಯರು ತಟ್ಟನೆ ಹಿಡಿದುಕೊಂಡರು. ಅವರ ಕುಳ್ಳ ಬಂದ ದಿನದಿಂದ ಎಲ್ಲಾದರೂ ಒಂದು ಸುರಂಗ ಕೊರೆಯಬೇಕೆಂದು ಕಾಯುತ್ತಿದ್ದ, ಕಾಡಮ್ಮ ಬಿಡುತ್ತಿರಲಿಲ್ಲ.

"ನಿಮ್ಮ ಕರಡೀನೇ ಭೂಮಿ ಅಗೀತದ. ನನ್ನ ಕುಳ್ಳ ಅಗದ್ರ ಏನ್ ತಪ್ಪು ಹೇಳ್ರಿ ಮೇಡಂ?"

"ಕರಡಿ ಹೊಟ್ಟಿ ತುಂಬಿದ ಮ್ಯಾಲ ನಿಲ್ಲಸ್ತೈತ್ರಿ ಆಚಾರ್ರೇ. ಗೆದ್ದಲನ್ನ ಲಾರಿಗೆ ತುಂಬಿ ಬಂದರಿಗೆ ಕಳಸಂಗಿಲ್ಲ."

ಗಾರ್ಡ್ ನಡುವೆ ಬಾಯಿ ಹಾಕಿ, ಗೆದ್ದಲು ತುಂಬಿದ ಲಾರಿ ದರೋಜಿ ದಾರಿಯಲ್ಲಿ ಹೋದರೆ ಕರಡಿಗಳು ಟೋಲ್ ಗೇಟ್ ಹಾಕುತ್ತವೆ ಎಂದರು.

ಗುಡ್ಡ

ಇಷ್ಟೆಲ್ಲ ಆದಮೇಲೆ ನಾನು ಬೇಕೆಂದೇ ಕಥೆಯನ್ನು ಒಂದು ಇಕ್ಕಟ್ಟಿಗೆ ತಂದು ನಿಲ್ಲಿಸಿದೆ.

ಹೊಳೆಯ ದಂಡೆಯಲ್ಲಿ ಒಂದು ಊರು. ಭತ್ತದ ಗದ್ದೆ, ಹರಿಗೋಲು, ಹಳೇ ಕೋಟೆ. ನಾನು ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ, ಕಥೆಗೆ ಊರು ಬೇಕೆಂದರೆ ನನಗೆ ಅದೊಂದೇ ಹೊಳೆಯುವುದು. ಊರಿನ ಹಿಂದೆ ಕಾಡಮ್ಮ ಕಾಯುವ ಗುಡ್ಡ. ಗುಡ್ಡದ ಗವಿಯಲ್ಲಿ ಬೆಂಕಿಯುಗುಳುವ ಒಂದು ಡ್ರ್ಯಾಗನ್. ಇನ್ನೇನು ಬೆಳಗಾದರೆ ಅದು ಎದ್ದು ಊರು ಸುಡುತ್ತದೆ. ಅದನ್ನು ಕೊಲ್ಲುವುದಕ್ಕೆ ಒಂದೇ ದಾರಿ, ಅದೇ ಗುಡ್ಡದ ಕಬ್ಬಿಣದಿಂದ ಮಾಡಿದ ಈಟಿ. ಕಾಡಮ್ಮ ಗುಡ್ಡ ಅಗೆದರೆ ವ್ರತ ಮುರಿಯುತ್ತದೆ, ಶಕ್ತಿ ಹೋಗುತ್ತದೆ, ಕರಡಿ ಬಿಟ್ಟು ಹೋಗುತ್ತದೆ. ಅಗೆಯದಿದ್ದರೆ ಊರು ಹೋಗುತ್ತದೆ. ಬೇರೆಯವರು ಅಗೆಯುವುದಕ್ಕೆ ಬಿಟ್ಟರೂ ವ್ರತ ಮುರಿದ ಹಾಗೇ.

ಆಚಾರ್ಯರು ಅಗೆಯಲೇಬೇಕು ಎಂದರು. ಊರಿನ ಜನರ ಪ್ರಾಣಕ್ಕಿಂತ ವ್ರತ ದೊಡ್ಡದಲ್ಲ, ಬೇಕಾದರೆ ಆಮೇಲೆ ಪ್ರಾಯಶ್ಚಿತ್ತ ಮಾಡಿಸೋಣ, ತಾವೇ ಮಾಡಿಸುವುದಾಗಿ ಹೇಳಿದರು. ಗಾರ್ಡ್ ಕೂಡ ಅಗೆಯಿರಿ ಎಂದರು. ಅವರಿಗೆ ಕರಡಿ ಬಿಟ್ಟು ಹೋಗುತ್ತದೆ ಎಂಬುದೇ ದೊಡ್ಡ ಲಾಭ.

ಮೇಡಂ ದಾಳ ಕೈಯಲ್ಲಿ ತಿರುಗಿಸುತ್ತ ಕೂತರು. ಆಮೇಲೆ ಮೆಲ್ಲಗೆ ಅಂದರು.

"ನನ್ನ ಮಗಳು ಸಾಲ್ಯಾಗ ಚಿತ್ರ ಬರದಿದ್ಲು. ಮನಿ, ಸೂರ್ಯ, ಗುಡ್ಡ. ಗುಡ್ಡಕ್ಕ ಕೆಂಪು ಬಣ್ಣ ಹಚ್ಚ್ಯಾಳ. ಹಸಿರು ಹಚ್ಚಬೇಕವ್ವ ಅಂದ್ರ, 'ನೀ ಹೋಗೋ ಗುಡ್ಡ ಕೆಂಪು ಐತೆಲ್ಲ' ಅಂತಾಳ. ಕೆಲಸ ಬಿಡಾಕ ಆಗಂಗಿಲ್ರಿ, ಅದ ಅನ್ನ ಹಾಕತೈತಿ. ಆದ್ರ ಭಾನುವಾರ ಇಲ್ಲಿ ಕುಂತಾಗ ಒಂದು ಗುಡ್ಡ ಆದ್ರೂ ಹಸಿರು ಉಳೀಲಿ ಅಂತ ಆಡ್ತೀನ್ರಿ ನಾನು."

ನನಗೆ ಸಂಕಟವಾಯಿತು. ಆಟ ಎಂದು ನಾನು ಕಟ್ಟಿದ ಇಕ್ಕಟ್ಟು ಆಕೆಗೆ ಆಟವಾಗಿರಲಿಲ್ಲ. ಕಥೆ ಬದಲಿಸಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಲಾಡ್ಜಿನ ಅಡುಗೆ ಅಕ್ಕ ಮಂಡಕ್ಕಿ, ಮಿರ್ಚಿ ತಂದಿಟ್ಟರು. ಅವರೂ ಕಂಪ್ಲಿಯವರೇ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಮ್ಯಾನೇಜರ್ರೇ, ನಮ್ಮೂರು ಯಾಕ್ರೀ ಸುಡಾಕ ಹತ್ತೀರಿ? ಸುಡೋದಿದ್ರ ಬ್ಯಾರೆ ಊರು ನೋಡ್ಕೋರಿ" ಎಂದು ಚಟ್ನಿ ಬಟ್ಟಲನ್ನು ನನ್ನಿಂದ ದೂರ ಇಟ್ಟು ಹೋದರು.

ಮೇಡಂ ನೆಟ್ಟಗೆ ಕೂತರು. "ಆತು. ಊರು ಉಳೀಬೇಕು. ಶುರು ಮಾಡೂಣು."

ಆಚಾರ್ಯರ ಕುಳ್ಳ ಆಸೆಯಿಂದ ಗುದ್ದಲಿ ಎತ್ತಿದ.

"ಮೊದ್ಲು ಕೊಂಬು ಊದ್ತೀನಿ" ಎಂದರು ಮೇಡಂ.

"ಇನ್ನಾ ಕುಣಿ ತೋಡಿಲ್ಲ, ಮದ್ದು ತುಂಬಿಲ್ಲ, ಈಗ್ಲೇ ಯಾಕ್ರೀ ಸೈರನ್?" ಎಂದರು ಗಾರ್ಡ್.

"ಜಲ್ದಿ ಊದಬಾರ್ದು ಅಂತ ನಿಮ್ಮ ಪುಸ್ತಕದಾಗ ಐತೇನ್ರಿ ಸರ್?"

ಪುಸ್ತಕ ತಿರುವಿದೆ. ಇರಲಿಲ್ಲ.

"ಊದಿದೆ. ಡ್ರ್ಯಾಗನ್ ಏನ್ ಮಾಡ್ತು?" ಎಂದರು ಮೇಡಂ.

"ಡ್ರ್ಯಾಗನ್ ಯಾಕೆ ಏನಾದ್ರೂ ಮಾಡುತ್ತೆ ಮೇಡಂ? ಅದು ಡ್ರ್ಯಾಗನ್."

"ಅವತ್ತು ರಾಕ್ಷಸರು ಎದ್ದು ಹೋದ್ರು ಅಂತ ನೀವ ಹೇಳಿದ್ರಿ. ರಾಕ್ಷಸರಿಗೊಂದು, ಡ್ರ್ಯಾಗನ್‌ಗೊಂದು ನಿಯಮ ಏನ್ರಿ?"

ಆಚಾರ್ಯರು, ಗಾರ್ಡ್ ಇಬ್ಬರೂ ನನ್ನನ್ನೇ ನೋಡಿದರು. ಖಜಾನೆ ಕಳೆದುಕೊಂಡ ಸಿಟ್ಟು ಅವರಿಗೆ ಇನ್ನೂ ಇತ್ತು. ನಾನು ಸಿಕ್ಕಿಬಿದ್ದಿದ್ದೆ.

"ಸರಿ" ಎಂದೆ. "ಡ್ರ್ಯಾಗನ್ ಎದ್ದಿತು. ಮೈಮುರಿಯಿತು. ಊರ ಮೇಲಿಂದ ಹಾರಿ, ಹೊಳೆ ದಾಟಿ, ಸುರಕ್ಷಿತ ಜಾಗದಲ್ಲಿ ಹೋಗಿ ಕೂತಿತು. ಸಾಕೇ? ಈಗ ಅಗೆಯಿರಿ."

"ಡ್ರ್ಯಾಗನ್ನ ಇಲ್ಲಂದಮ್ಯಾಲ ಈಟಿ ಯಾಕ್ರಿ? ಈಟಿ ಬ್ಯಾಡಂದಮ್ಯಾಲ ಕಬ್ಬಿಣ ಯಾಕ್ರಿ?"

ಕುಳ್ಳ ಗುದ್ದಲಿ ಕೆಳಗಿಟ್ಟ. ನಾನು ಸೋಲಲು ತಯಾರಿರಲಿಲ್ಲ.

"ಮೇಡಂ, ಬ್ಲಾಸ್ಟ್ ಆಗಲಿಲ್ಲ ಅಂತ ಗೊತ್ತಾದ ಕೂಡಲೇ ಅದು ವಾಪಸ್ ಬರುತ್ತೆ."

"ಹೆಂಗ ಬರತೈತ್ರಿ? ಆಲ್ ಕ್ಲಿಯರ್ ಆಗೋತನಕ ಯಾರೂ ವಾಪಸ್ ಬರಂಗಿಲ್ಲ."

"ಆ ಆಲ್ ಕ್ಲಿಯರ್ ಊದೋರು ಯಾರು?"

"ನಾನ" ಎಂದರು ಮೇಡಂ, ಚಟ್ನಿ ಬಟ್ಟಲು ತಮ್ಮ ಕಡೆ ಎಳೆದುಕೊಳ್ಳುತ್ತ.

ಇದಾಗಿ ಎಷ್ಟೋ ಭಾನುವಾರಗಳು ಕಳೆದವು. ಕಂಪ್ಲಿ ಸುಖವಾಗಿದೆ, ಗುಡ್ಡ ಹಸಿರಾಗಿದೆ, ಗಾರ್ಡ್ ಈಗಲೂ ಕರಡಿಯಿಂದ ಹಿಂದೆ ಸರಿಯುತ್ತಿದ್ದಾರೆ. ಡ್ರ್ಯಾಗನ್ ಹೊಳೆಯಾಚೆ ರೆಕ್ಕೆ ಮಡಚಿಕೊಂಡು, ಕೊಂಬಿನ ಸದ್ದಿಗೆ ಕಿವಿಗೊಟ್ಟು ಕೂತಿದೆ. ಪಾಪ ಎನಿಸಿ ನಾನು ಪ್ರತಿ ವಾರ ಆಟ ಶುರು ಮಾಡುವ ಮೊದಲು ಕೇಳುತ್ತೇನೆ, ಆಲ್ ಕ್ಲಿಯರ್ ಕೊಡಬಹುದೇ ಎಂದು.

"ಇನ್ನಾ ಚೆಕಿಂಗ್ ನಡದೈತ್ರಿ" ಎನ್ನುತ್ತಾರೆ ಮೇಡಂ, ಮಿರ್ಚಿ ಮುರಿಯುತ್ತ.