ಸಂಡಿಗೆಗೆ ಕಂಪ್ಯೂಟರ್ ಕಾವಲು

ಯಂತ್ರಗಳ ವಿಷಯದಲ್ಲಿ ನಾನು ತಕ್ಕಮಟ್ಟಿಗೆ ತಿಳಿದವನು. ಮಿಕ್ಸಿ ನಿಂತರೆ ಅದರ ತಲೆಗೆ ಎಲ್ಲಿ ತಟ್ಟಬೇಕೆಂದು ರಾಮಕೃಷ್ಣನಗರದಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದ್ದರಿಂದ ತಾರಸಿಯ ಮೇಲೆ ಹವಾಮಾನ ಯಂತ್ರ ನಿಲ್ಲಿಸಿ ಕಂಪ್ಯೂಟರಿಗೆ ಜೋಡಿಸುತ್ತೇನೆಂದು ಘೋಷಿಸಿದಾಗ ಹೆಂಡತಿ ಸ್ಟೆಲ್ಲಾ ಹೆದರಲು ಕಾರಣವೇ ಇರಲಿಲ್ಲ. ಆದರೂ ಹೆದರಿದಳು.

"ಮಳೆ ಬಂದ್ರೆ ಕಿಟಕೀಲಿ ಕಾಣಲ್ವೇನ್ರೀ?"

"ಕಾಣೋದು ಬೇರೆ, ಅಳೆಯೋದು ಬೇರೆ ಕಣೇ!"

ಮೊದಲ ದಿನ ಕಂಪ್ಯೂಟರ್ ಯಂತ್ರವನ್ನು ಗುರುತೇ ಹಿಡಿಯಲಿಲ್ಲ. ಯಂತ್ರಕ್ಕೆ ಬೈದೆ, ಕಂಪ್ಯೂಟರಿಗೆ ಬೈದೆ, ಅಂಗಡಿಯವನಿಗೆ ಫೋನ್ ಮಾಡಿ ಬೈದೆ. ಆಮೇಲೆ ನೋಡಿದರೆ ನಾನು ಸಿಕ್ಕಿಸಿದ್ದು ಮೊಬೈಲ್ ಚಾರ್ಜ್ ಮಾಡುವ ವೈರು! ಸರಿಯಾದ ವೈರು ಡಬ್ಬದ ತಳದಲ್ಲಿ ತಣ್ಣಗೆ ಮಲಗಿತ್ತು. ಅದನ್ನು ಹಾಕಿ, ತಾರಸಿಗೆ ಹೋಗಿ ಮಳೆ ಅಳೆಯುವ ಬಟ್ಟಲಿಗೆ ಒಂದು ಚೊಂಬು ನೀರು ಸುರಿದೆ. ಕೆಳಗೆ ಕಂಪ್ಯೂಟರ್ ಕುಯ್ಯೋ ಎಂದು ಕಿರುಚಿತು. ಆಹಾ! ಹೊಸ ಸಾಮಾನು, ಕೆಡಬಾರದಲ್ಲ? ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರನ್ನು ಬಟ್ಟಲಿಗೆ ಹೊದಿಸಿ ರಬ್ಬರ್ ಬ್ಯಾಂಡ್ ಬಿಗಿದೆ. ಟಿವಿ ರಿಮೋಟಿನ ಕವರನ್ನು ಇಂದಿಗೂ ಬಿಚ್ಚದ ಮನೆತನ ನಮ್ಮದು.

ಪಕ್ಕದ ಮನೆಯ ಜಯಮ್ಮನವರ ಮಗಳ ಮದುವೆಗೆ ಇನ್ನೊಂದೇ ವಾರವಿತ್ತು. ಬೀಗರೂಟಕ್ಕೆಂದು ಜಯಮ್ಮ, ಸ್ಟೆಲ್ಲಾ ಸೇರಿ ಬೆಳಗಿನಿಂದ ಸಂಡಿಗೆ ಒತ್ತಿ ನಮ್ಮ ತಾರಸಿಯ ತುಂಬ ಹರಡಿದ್ದರು. ಮಧ್ಯಾಹ್ನ ವಿಜಯನಗರಕ್ಕೆ ಲಗ್ನಪತ್ರಿಕೆ ಹಂಚಲು ಇಬ್ಬರೂ ಹೊರಡಬೇಕಿತ್ತು.

"ಅಣ್ಣಾ, ಮಳೆಗಿಳೆ ಬಂದ್ಬುಟ್ರೆ ಬೀಗರ ಮುಂದೆ ನನ್ ಮಾನ ಹೋಯ್ತದೆ," ಎಂದರು ಜಯಮ್ಮ.

"ಒಂದು ಹನಿ ಬಿದ್ರೂ ಕಂಪ್ಯೂಟರ್ ಕೂಗುತ್ತೆ ಕಣಮ್ಮ. ಓಡಿ ಹೋಗಿ ಎತ್ತಿಡ್ತೀನಿ. ನೆಮ್ಮದಿಯಾಗಿ ಹೋಗ್ಬನ್ನಿ!"

ಕಿಟಕಿ ಮುಚ್ಚಿ, ಫ್ಯಾನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕಾವಲು ಕುಳಿತೆ. ಸ್ವಲ್ಪ ಹೊತ್ತಿಗೆ ಮೇಲೆ ದಬದಬ ಸದ್ದು. ಪರದೆ ನೋಡಿದೆ. ಮಳೆ: ಸೊನ್ನೆ. ಹಾಗಾದರೆ ನೀರಿನ ಟ್ಯಾಂಕ್ ತುಂಬಿ ಸುರಿಯುತ್ತಿದೆ ಎಂದು ತರ್ಕಬದ್ಧವಾಗಿ ತೀರ್ಮಾನಿಸಿ, ಹೋಗಿ ಮೋಟರಿನ ಸ್ವಿಚ್ ಒತ್ತಿದೆ. ಮೋಟರ್ ಮೊದಲೇ ಆಫ್ ಆಗಿತ್ತು. ಈಗ ಆನ್ ಆಯಿತು! ಸದ್ದು ಇನ್ನೂ ಹೆಚ್ಚಿತು. ಪರದೆ ನೋಡಿದೆ. ಸೊನ್ನೆಯೇ! ನೆಮ್ಮದಿಯಾಗಿ ಕಾಫಿ ಕುಡಿದೆ.

ನೆನೆದು ತೊಪ್ಪೆಯಾದ ಹೆಂಗಸರಿಬ್ಬರೂ ಆಟೋದಿಂದ ಇಳಿದವರೇ ಮೆಟ್ಟಿಲು ಹತ್ತಿ ಓಡಿದರು. ಹಿಂದೆ ನಾನೂ ಓಡಿದೆ. ಮೇಲಿಂದ ಮಳೆ, ಪಕ್ಕದಿಂದ ಟ್ಯಾಂಕಿನ ನೀರು. ಸಂಡಿಗೆಯೆಲ್ಲ ಕರಗಿ ಗಂಜಿಯಾಗಿ ಪೈಪಿನತ್ತ ಹರಿಯುತ್ತಿತ್ತು.

"ಯೇಸಪ್ಪಾ!" ಎಂದಳು ಸ್ಟೆಲ್ಲಾ. ಆಮೇಲೆ ಯಂತ್ರದ ಕವರ್ ಬಿಚ್ಚಿ ಬಟ್ಟಲಿಗೆ ಬೆರಳು ಹಾಕಿ ನೋಡಿದಳು. ಇಡೀ ತಾರಸಿಯಲ್ಲಿ ಒಣಗಿದ್ದದ್ದು ಅದೊಂದೇ! "ಮಳೆ ಅಳೆಯೋ ಯಂತ್ರ ಮಳೇಲಿ ನೆನೀಬಾರ್ದು ಅಂತ ಕವರ್ ಹಾಕಿದ್ರೇನ್ರೀ?"

ಜಯಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮಾರನೆಯ ದಿನ ಹೊಸದಾಗಿ ಹಿಟ್ಟು ಬೇಯಿಸಿದರು. ಅಷ್ಟನ್ನೂ ಚಕ್ಕುಲಿ ಒರಳಲ್ಲಿ ಒತ್ತಿದವನು ನಾನು. ಭುಜ ಇನ್ನೂ ನೋಯುತ್ತಿದೆ. ಒತ್ತಿದ ಮೇಲೂ ಬಿಡುಗಡೆಯಿಲ್ಲ. ಯಂತ್ರವನ್ನು ಡಬ್ಬಕ್ಕೆ ಹಾಕಿ, ಅದು ನಿಂತಿದ್ದ ಜಾಗದಲ್ಲೇ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು.

"ಏನ್ರೀ, ಮೋಡ ಹೆಂಗಿದೆ?" ಎಂದು ಸ್ಟೆಲ್ಲಾ ಅಡುಗೆಮನೆಯಿಂದ ಆಗಾಗ ಕೂಗುತ್ತಿದ್ದಳು. ತಲೆಯೆತ್ತಿ ನೋಡಿ ವರದಿ ಒಪ್ಪಿಸುತ್ತಿದ್ದೆ.

ಸಂಜೆ ಜಯಮ್ಮ ಮೇಲೆ ಬಂದು, ಸಂಡಿಗೆ ಮುಟ್ಟಿ ನೋಡಿ, ಮೊದಲ ಸಲ ನಕ್ಕರು. ಆಮೇಲೆ ಸೀರೆ ಅಂಗಡಿಯ ಅದೇ ಕವರನ್ನು ನನ್ನ ಕೈಗಿಟ್ಟರು.

"ತಲೆ ಮೇಲೆ ಹಾಕ್ಕೊಳ್ಳಿ ಅಣ್ಣಾ. ಯಂತ್ರ ನೆನೀಬಾರ್ದು!"