ತೋಳ ಕಚ್ಚಿಕೊಂಡು ಹೋದ ಬೂಟು

ಏನಂದ್ರಿ? ಮುದುಕನಿಗೆ ಅರಳುಮರಳು, ಅರ್ಧ ಮರೆತು ಅರ್ಧ ಸೇರಿಸಿ ಹೇಳ್ತಾನೆ ಅಂತಾ? ಹೋದ ಸಲ ಕಳಿಸಿದ ವಾಯ್ಸಿಗೆ ಯಾವನೋ ನಗೋ ಮುಖ ಹಾಕಿದ್ದ, ನೋಡ್ದೆ. ಕನ್ನಡಕ ಎಲ್ಲಿಟ್ಟೆ ಅನ್ನೋದು ಮರೀಬಹುದು ಕಣ್ರಯ್ಯಾ, ಅರೆಗುಂಡಿ ಕತೆ ಮರೆಯೋಕಾಗುತ್ತಾ? ಬಾಯಿ ಮುಚ್ಕೊಂಡು ಕೇಳಿ. ಕೆಮ್ಮು ಬಂದ್ರೆ ನಾನು ಕೆಮ್ತೀನಿ, ನೀವು ಕೆಮ್ಮಬೇಡಿ.

ಅರೆಗುಂಡಿ ಅಂದ್ರೆ ಮಣ್ಣಿನ ಆಫೀಸಿನವನು. ಅವನ ಕೆಲಸ ಏನಪ್ಪಾ ಅಂದ್ರೆ, ಬಯಲಿಗೆ ಹೋಗೋದು, ಗುಂಡಿ ತೋಡೋದು, ಗುಂಡಿಯ ಗೋಡೆಯಲ್ಲಿ ಮೇಲಿಂದ ಕೆಳಗೆ ಯಾವ ಮಣ್ಣು ಎಷ್ಟಿದೆ ನೋಡಿ ಬರೆಯೋದು. ಗುಂಡಿ ಆಳೆತ್ತರ ಇರಬೇಕು, ಅದು ಆಫೀಸಿನ ಕಟ್ಟಳೆ. ಆದರೆ ಇವನ ಪಾಲಿಗೆ ಬಂದಿದ್ದು ಕುರಿ ಮೇಯೋ ಮಾಳ. ಅಲ್ಲಿ ಎಲ್ಲಿ ತೋಡಿದ್ರೂ ಮೊಣಕೈ ಆಳಕ್ಕೆ ಗುದ್ದಲಿ ಟಣ್ ಅನ್ನೋದು. ಇವನ ಗುಂಡಿ ಎಲ್ಲಾ ಅರ್ಧಕ್ಕೇ ನಿಂತವು, ಅದಕ್ಕೆ ಹೆಸರು ಅರೆಗುಂಡಿ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಸ್ತಿತ್ತು.

ಅವನಿಗೆ ಈ ಲೋಕದಲ್ಲಿ ಬೇಕಾಗಿದ್ದು ಒಂದೇ. ನಕ್ಷೆ ಕೋಣೆಯಲ್ಲಿ, ಫ್ಯಾನಿನ ನೇರ ಕೆಳಗೆ, ಖಾಲಿ ಬಿದ್ದಿದ್ದ ಒಂದು ಕುರ್ಚಿ. ದೊಡ್ಡ ಸಾಹೇಬರು ಹೇಳಿಬಿಟ್ಟಿದ್ರು: "ನಿನ್ನ ಮಾಳದ ನಕ್ಷೆ ಸರಿ ಅಂತ ನನಗೆ ಒಪ್ಪಿಗೆಯಾದ್ರೆ ಕುರ್ಚಿ ನಿಂದು. ಇಲ್ಲಾಂದ್ರೆ ಲ್ಯಾಬಿನ ಹಿಂದೆ ಸೀಸೆ ತೊಳಿ." ಒಪ್ಪಿಗೆ ಕೊಡೋಕೆ ಆವತ್ತು ಮಧ್ಯಾಹ್ನ ಅವರೇ ಖುದ್ದಾಗಿ ಮಾಳಕ್ಕೆ ಬರೋರಿದ್ರು.

ಮನೆ ಬಿಡುವಾಗ ಹೆಂಡತಿ ಬಾಗಿಲಲ್ಲೇ ಅಡ್ಡ ನಿಂತಳು. "ಇವತ್ತು ಕುರ್ಚಿ ಇಲ್ದೆ ಬಂದ್ರೆ, ಬೆನ್ನಿಗೆ ಎಣ್ಣೆ ತಿಕ್ಕೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನನ್ನ ಕೈ ಸವೆದುಹೋಗಿದೆ."

"ಸಿಗುತ್ತೆ ಕಣೇ."

"ಸಿಗುತ್ತೆ ಸಿಗುತ್ತೆ ಅಂತ ಮದುವೆಯಲ್ಲೂ ಹೇಳಿದ್ರಿ."

ಇದರಲ್ಲಿ ಒಂದು ತೊಡಕಿತ್ತು. ಆ ಮಾಳಕ್ಕೆ ಆಗಲೇ ಒಂದು ಹಳೇ ನಕ್ಷೆ ಇತ್ತು. ಅದರಲ್ಲಿ 'ಆಳವಾದ ಒಳ್ಳೇ ಮಣ್ಣು' ಅಂತ ಬರೆದಿತ್ತು. ಅದನ್ನ ನಂಬಿ ಮಾಳದ ತುಂಬಾ ಸಸಿ ನೆಡೋದು ಅಂತ ಮೇಲಿನೋರು ತೀರ್ಮಾನ ಮಾಡಿಯಾಗಿತ್ತು. ಆ ನಕ್ಷೆ ಬರೆದೋರು ಯಾರು? ಚಿಕ್ಕವರಿದ್ದಾಗ ದೊಡ್ಡ ಸಾಹೇಬರೇ! ಅರೆಗುಂಡಿಯ ನಕ್ಷೆ ಸರಿ ಅನ್ನೋದೂ ಒಂದೇ, ಸಾಹೇಬರು ಸುಳ್ಳು ಅನ್ನೋದೂ ಒಂದೇ.

ಸಾಹೇಬರಿಗೆ ಆ ಮಾಳದ ಒಂದು ಕತೆ ಬೇರೆ ಇತ್ತು. ಯಾರೇ ಸಿಗಲಿ, ಟೀ ಲೋಟ ಕೈಗೆ ಬರಲಿ, ಶುರು. "ಆ ಮಾಳದಲ್ಲಿ ಆಳೆತ್ತರ ಗುಂಡಿ ತೋಡ್ತಿದ್ದೆ ನೋಡು, ತೋಳ ಬಂತು! ಗುಂಡಿ ಒಳಗೆ ಹಾರಿತು! ನಾನು ಒದ್ದೆ. ಎಡಗಾಲಿನ ಬೂಟು ಕಚ್ಕೊಂಡು ಓಡಿಹೋಯ್ತು!" ಹೇಳಿ ಹೇಳಿ ಅವರೇ ನಂಬಿಬಿಟ್ಟಿದ್ರು. ತೋಳ ಮಾತ್ರ ವರ್ಷ ವರ್ಷ ಬೆಳೀತಿತ್ತು. ಮೊದಮೊದಲು ನಾಯಿ ಗಾತ್ರ ಇದ್ದಿದ್ದು ಕೊನೆಗೆ ಕರುವಿನಷ್ಟಾಗಿತ್ತು.

ಸರಿ, ಬೆಳಗ್ಗೆ ಅರೆಗುಂಡಿ ಮಾಳಕ್ಕೆ ಬಂದ. ಆ ನೆಲ ನೀವು ನೋಡಬೇಕು. ಹುಲ್ಲು ಬೋಳುತಲೆಯ ಕೂದಲಿನ ಹಾಗೆ ಅಲ್ಲಲ್ಲಿ. ಹಿಡಿ ಮಣ್ಣು ತೆಗೆದ್ರೆ ಅರ್ಧ ಹಿಡಿ ಕಲ್ಲು. ಅದರ ಕೆಳಗೆ ಬಿಳೀ ಪದರ, ಸುಣ್ಣ ಕಟ್ಟಿ ಕಟ್ಟಿ ಸಿಮೆಂಟಿನ ಹಾಗೆ ಗಟ್ಟಿಯಾಗಿದ್ದು. ಯಾರೋ ಮೇಸ್ತ್ರಿ ಇಡೀ ಬಯಲಿಗೆ ತಾರಸಿ ಹಾಕಿ, ಮೇಲೆ ಒಂದಿಷ್ಟು ಕಲ್ಲುಮಣ್ಣು ಚೆಲ್ಲಿ ಹೋದ ಹಾಗೆ.

ಒಂದು ಕಡೆಯಾದ್ರೂ ಈ ಪದರ ಒಡೆದು ಆಳೆತ್ತರ ಗುಂಡಿ ತೋರಿಸಿದ್ರೆ, ಸಾಹೇಬರು ಕಟ್ಟಳೆ ತಪ್ಪಿತು ಅನ್ನೋಕಾಗಲ್ಲ ಅಂತ ಅವನ ಲೆಕ್ಕ. ಹಾರೆ ಎತ್ತಿ ಹಾಕಿದ. ಟಣ್! ಮತ್ತೆ ಹಾಕಿದ. ಹಾರೆ ಅವನನ್ನೇ ಎತ್ತಿ ಹಾಕ್ತು.

ಜೀಪಿನ ಡ್ರೈವರ್ ಬಾನೆಟ್ ಮೇಲೆ ಕೂತು ನೋಡ್ತಿದ್ದ. "ಸಾರ್, ನೀವು ನೆಲಾನ ಕೇಳಿ ಕೇಳಿ ಹೊಡೀತಿದ್ದೀರಿ. ಕೇಳದೆ ಹೊಡೀಬೇಕು. ಬಿಡಿ ನಾನು ನೋಡ್ಕೋತೀನಿ."

ಡ್ರೈವರ್ ಪದರದ ಬಿರುಕಿಗೆ ಹಾರೆ ಬಡಿದು ಸಿಗಿಸಿದ, ಹಗ್ಗ ಕಟ್ಟಿದ, ಹಗ್ಗದ ಇನ್ನೊಂದು ತುದಿ ಜೀಪಿಗೆ ಕಟ್ಟಿದ. ಗೇರ್ ಹಾಕಿ ರೊಂಯ್ ಅಂತ ಎಳೆದ. ನೆಲ ಜಪ್ಪಯ್ಯ ಅನ್ನಲಿಲ್ಲ. ಹಾರೆ ಕುಡುಗೋಲಿನ ಹಾಗೆ ಬಾಗಿತು. ಜೀಪಿನ ಹಿಂದಿನ ಬಂಪರ್ ಕಳಚಿ ಬಂದು ಅರೆಗುಂಡಿಯ ಕಾಲಬುಡದಲ್ಲಿ ಬಿತ್ತು.

"ಏನೋ ಒಂದು ಬಂತಲ್ಲ ಸಾರ್," ಅಂದ ಡ್ರೈವರ್.

ಅಷ್ಟರಲ್ಲಿ ಕುರಿ ಅಜ್ಜಿ ಬಂದಳು. ಮಾಳದಲ್ಲಿ ಕುರಿ ಮೇಯಿಸೋಳು, ಅಲ್ಲಿ ನಡೆಯೋದಕ್ಕೆಲ್ಲಾ ತನ್ನ ಅಪ್ಪಣೆ ಬೇಕು ಅಂದ್ಕೊಂಡೋಳು. "ಒಣ ರೊಟ್ಟಿ ಕಡಿಯೋ ಹಾಗೆ ಕಡೀತಿದ್ದೀಯಲ್ಲೋ ಮಗಾ, ನೆನೆಸಬಾರದಾ?" ಅಂದೋಳೇ ಜೀಪಲ್ಲಿದ್ದ ನೀರಿನ ಕ್ಯಾನು ಎಳ್ಕೊಂಡು ಬಂದು ಗುಂಡಿಗೆ ಸುರಿದಳು. ಕುಡಿಯೋ ನೀರು, ಪೂರ್ತಿ!

"ಅಜ್ಜೀ! ಅದು ಸಾಹೇಬರಿಗೆ ಇಟ್ಟಿದ್ದು!"

"ಸಾಹೇಬರೇನು ಒಬ್ಬರೇ ಅಷ್ಟೂ ಕುಡೀತಾರಾ?"

ನೀರು ಇಂಗುತ್ತೆ, ಪದರ ಮೆತ್ತಗಾಗುತ್ತೆ ಅಂತ ಮೂರೂ ಜನ ಬಗ್ಗಿ ನೋಡಿದ್ರು. ಎಲ್ಲಿ ಇಂಗೋದು? ಪಾತ್ರೆಯಲ್ಲಿ ನಿಂತ ಹಾಗೆ ನಿಂತುಬಿಡ್ತು. ಕುರಿಗಳು ಬಂದು ಸುತ್ತ ನಿಂತು ಚಪ್ಪರಿಸಿಕೊಂಡು ಕುಡಿಯೋಕೆ ಶುರು ಮಾಡಿದ್ವು.

ಅದೇ ಹೊತ್ತಿಗೆ ದೊಡ್ಡ ಸಾಹೇಬರ ಕಾರು ಬಂದು ನಿಲ್ಲಬೇಕಾ!

ಸಾಹೇಬರು ಇಳಿದ್ರು. ಬಾಗಿದ ಹಾರೆ ನೋಡಿದ್ರು. ಬಂಪರ್ ನೋಡಿದ್ರು. ಕುರಿಗಳ ನಡುವೆ ಪ್ಯಾಂಟು ಒದ್ದೆಯಾಗಿ ನಿಂತಿದ್ದ ಅರೆಗುಂಡಿಯನ್ನ ನೋಡಿದ್ರು.

"ಏನಯ್ಯಾ ಇದು? ಗುಂಡಿ ತೋಡು ಅಂದ್ರೆ ಕುರಿಗೆ ಹೋಟ್ಲು ತೆಗೆದಿದ್ದೀಯಾ?"

"ಸಾರ್, ಕೆಳಗೆ ಗಟ್ಟಿ ಪದರ..."

"ಪದರ ಅಲ್ಲ, ಸೋಮಾರಿತನ! ಬಾ ಇಲ್ಲಿ. ಆ ಒಂಟಿ ಬಂಡೆ ಕಾಣ್ತಾ? ಅದರ ಪಕ್ಕಾನೇ ನಾನು ತೋಡಿದ್ದು. ನೋಡು, ಈಗ ಅಲ್ಲಿ ಮರ ಬೇರೆ ಎದ್ದಿದೆ. ಮಣ್ಣಿಲ್ದೆ ಮರ ಬರುತ್ತೇನಯ್ಯಾ?"

ಅದು ನಿಜ. ಇಡೀ ಮಾಳದಲ್ಲಿ ಅದೊಂದೇ ಮರ. ಅರೆಗುಂಡಿ ಅದರ ನೆರಳಲ್ಲಿ ಎಷ್ಟೋ ಸಲ ಬುತ್ತಿ ಬಿಚ್ಚಿದ್ದ. ಬುಡದಲ್ಲಿ ತೋಡಿದ್ರೆ ಬೇರು ಕಡಿದುಹೋಗುತ್ತೆ, ನೆರಳೂ ಹೋಗುತ್ತೆ ಅಂತ ಅಲ್ಲಿ ಮಾತ್ರ ಗುದ್ದಲಿ ಹಾಕಿರಲಿಲ್ಲ.

ಸಾಹೇಬರು ಬೂಟಿನ ತುದಿಯಲ್ಲಿ ಗೆರೆ ಎಳೆದ್ರು. ಡ್ರೈವರ್ ಸಲಿಕೆ ಹಾಕಿದ. ಸರಕ್ ಅಂತ ಇಳೀತು. ಮತ್ತೆ ಹಾಕಿದ, ಸರಕ್. ಮೊಣಕೈ ಆಳ ದಾಟಿತು, ಸೊಂಟದ ಆಳ ದಾಟಿತು. ಟಣ್ ಅನ್ನೋ ಶಬ್ದವೇ ಇಲ್ಲ. ಬೆಣ್ಣೆ ತೆಗೆದ ಹಾಗೆ ಮಣ್ಣು ಬಂತು.

ಅರೆಗುಂಡಿ ಬಗ್ಗಿ ನೋಡಿದ. ಕುರ್ಚಿ, ಫ್ಯಾನು ಎರಡೂ ರೆಕ್ಕೆ ಬಿಚ್ಚಿ ಹಾರಿಹೋದ್ವು. ಕಣ್ಣೆದುರಿಗೆ ಬರೀ ಸೀಸೆ, ತೊಳೆಯೋಕೆ ಕಾದಿರೋ ಸೀಸೆ.

"ಏನಂತೀಯಾ ಈಗ?" ಸಾಹೇಬರು ಮೀಸೆ ತೀಡಿದ್ರು. "ಇದೇ ಜಾಗದಲ್ಲಿ ಕಣಯ್ಯಾ ಆ ತೋಳ..."

"ಸಾರ್!" ಗುಂಡಿ ತಳದಿಂದ ಡ್ರೈವರ್ ಕೂಗಿದ. "ಏನೋ ಸಿಕ್ತು ಸಾರ್!"

ಮೇಲೆ ಬಂದಿದ್ದು ಒಂದು ಬೂಟು. ಹಳೇದು, ಚರ್ಮ ಒಣಗಿ ಹಪ್ಪಳದ ಹಾಗೆ ಸುರುಟಿದ್ದು. ಎಡಗಾಲಿಂದು.

ಡ್ರೈವರ್ ಅದನ್ನ ತಿರುಗಿಸಿ ನೋಡಿದ. ಸಾಹೇಬರ ಮುಖ ನೋಡಿದ. "ಸಾರ್, ತೋಳ ಇಲ್ಲೇ ಉಗಿದು ಹೋಗಿದೆ!"

ಕುರಿ ಅಜ್ಜಿ ಬಾಯಿಗೆ ಸೆರಗು ಅಡ್ಡ ಇಟ್ಕೊಂಡಳು. ಅರೆಗುಂಡಿಗೆ ಮಾತ್ರ ನಗು ಬರಲಿಲ್ಲ. ಅವನು ಬೂಟನ್ನ ನೋಡ್ತಿರಲಿಲ್ಲ, ಗುಂಡಿಯ ಗೋಡೆ ನೋಡ್ತಿದ್ದ. ಗುಂಡಿಯೊಳಗೆ ಇಳಿದ. ಬೆರಳಲ್ಲಿ ಗೋಡೆಯ ಮಣ್ಣು ಕೆರೆದ, ಉದುರಿತು. ಅದರ ಹಿಂದೆ, ಸರಿಯಾಗಿ ಮೊಣಕೈ ಆಳಕ್ಕೆ, ಬಿಳೀ ಪದರ! ಮುರಿದ ಅಂಚು, ಒಡೆದ ಮಡಕೆಯ ಕಂಠದ ಹಾಗೆ ಸುತ್ತಲೂ ಇತ್ತು.

"ಸಾರ್, ಇದು ಯಾರೋ ಪದರ ಒಡೆದು ತೋಡಿ, ಆಮೇಲೆ ಮಣ್ಣು ತುಂಬಿರೋ ಗುಂಡಿ."

ಸಾಹೇಬರು ಡ್ರೈವರನ್ನೂ ಅಜ್ಜಿಯನ್ನೂ ದೂರ ಕಳಿಸಿದ್ರು. ಗುಂಡಿ ಅಂಚಲ್ಲಿ ಕಾಲು ಇಳಿಬಿಟ್ಟು ಕೂತ್ರು. ಬೂಟು ತೊಡೆ ಮೇಲೆ. ಅದರ ಮಣ್ಣು ಕೊಡವಿದ್ರು.

"ಆಗ ನಮ್ಮ ಸಾಹೇಬರೂ ಹಿಂಗೇ ಕಣಯ್ಯಾ," ಅಂದ್ರು ಕೊನೆಗೆ. "ಆಳೆತ್ತರ ಇಲ್ದಿದ್ರೆ ಗುಂಡೀನೇ ಅಲ್ಲ ಅಂತಿದ್ರು. ನನಗೂ ಟಣ್ ಅಂತಿತ್ತು. ಕಲ್ಲು ಕ್ವಾರಿಯವರನ್ನ ಕರೆಸಿ ಮದ್ದು ಹಾಕಿಸಿ ಒಡೆಸಿದೆ. ಗುಂಡಿ ಆಳ ಬಂತಲ್ಲ, ಮಣ್ಣೂ ಅಷ್ಟೇ ಆಳ ಅಂತ ಬರೆದೆ. ಒಡೆದ ಚಪ್ಪಡಿ ಅವರು ಹೊತ್ಕೊಂಡು ಹೋದ್ರು, ಅಕ್ಕಪಕ್ಕದ ಮಣ್ಣು ಕೆರೆದು ಮುಚ್ಚಿಸಿದೆ."

"ಮತ್ತೆ ತೋಳ?"

"ಗುಂಡಿಯಲ್ಲಿ ನಿಂತಿದ್ದಾಗ ಕ್ವಾರಿಯೋನೊಬ್ಬ 'ಇನ್ನೊಂದು ಸಿಡಿಯುತ್ತೆ, ಓಡಿ' ಅಂತ ತಮಾಷೆಗೆ ಕೂಗಿದ. ಬೂಟು ಕಲ್ಲಿನ ಸಂದಿಗೆ ಸಿಕ್ಕೊಂಡ್ತು. ಬಿಟ್ಟು ಓಡಿದೆ. ವಾಪಸ್ ಬಂದು ಅವರ ಮುಂದೆ ಬೂಟು ಕೇಳೋಕೆ ಮುಖ ಇರಲಿಲ್ಲ." ಮೇಲೆ ಮರ ನೋಡಿದ್ರು. "ಒಡೆದ ಜಾಗದಲ್ಲಿ ಬೇರು ಇಳಿದಿದೆ. ನಾನು ಮಾಡಿದ ಒಳ್ಳೇ ಕೆಲಸ ಅದೊಂದೇ, ಅದೂ ಗೊತ್ತಿಲ್ದೆ."

ಆಮೇಲೆ ಎದ್ದು ನಿಂತು ಅರೆಗುಂಡಿಯ ಬೆನ್ನು ತಟ್ಟಿದ್ರು. ಆ ನೋಯ್ತಿರೋ ಬೆನ್ನನ್ನೇ. "ನಿನ್ನ ನಕ್ಷೇನೇ ಸರಿ. ಮೊಣಕೈ ಉದ್ದ ಮಣ್ಣು, ಅದರಲ್ಲಿ ಅರ್ಧ ಕಲ್ಲು, ಕೆಳಗೆ ತಾರಸಿ. ಸಸಿ ನೆಡೋದು ನಿಲ್ಲಿಸ್ತೀನಿ, ಕುರಿಗಳು ಮೇಯಲಿ. ಬೂಟಿನ ಮಾತು ಮಾತ್ರ ಮಾಳ ದಾಟಬಾರದು."

"ದಾಟಲ್ಲ ಸಾರ್." ಅರೆಗುಂಡಿಗೆ ಫ್ಯಾನಿನ ಗಾಳಿ ಆಗಲೇ ಕತ್ತಿಗೆ ಬೀಸಿದ ಹಾಗಾಯ್ತು. "ಹಾಗಾದ್ರೆ ಸಾರ್, ಆ ಕುರ್ಚಿ..."

"ಹೂಂ, ಕುರ್ಚಿ. ನೋಡಯ್ಯಾ, ನನ್ನ ನಕ್ಷೆ ತಪ್ಪು ಅಂದಮೇಲೆ ಈ ಮಾಳದ ಆಚೆ ಇರೋ ಮಾಳ, ಅದರಾಚೆ ಇರೋದು, ಎಲ್ಲಾ ಮತ್ತೆ ತೋಡಬೇಕಲ್ಲ? ಅವನ್ನೂ ನಾನೇ ಬರೆದಿದ್ದು. ಕೆಲವು ಕಡೆ ಪದರ ಒಡೆದು ಒಂದೊಂದು ಮರ ಎಬ್ಬಿಸೋಣ, ಕುರಿ ಅಜ್ಜಿಗೆ ನೆರಳಾಗುತ್ತೆ. ಈ ಪದರದ ಗುಟ್ಟು ಗೊತ್ತಿರೋ ನಿನ್ನಂಥೋನನ್ನ ಫ್ಯಾನ್ ಕೆಳಗೆ ಕೂರಿಸಿ ಹಾಳು ಮಾಡೋಕಾಗುತ್ತಾ?"

"ಸಾರ್, ನೀವು ಮಾತು ಕೊಟ್ಟಿದ್ರಿ."

"ಕೊಟ್ಟ ಮಾತು ತಪ್ಪೋನಲ್ಲ ನಾನು," ಅಂತ ಸಾಹೇಬರು ಅಲ್ಲಿಂದಲೇ ಆಫೀಸಿಗೆ ಫೋನ್ ಹಚ್ಚಿದ್ರು.

ಬಿಸಿಲು ಇಳಿಯೋ ಮುಂಚೆ ಕುರ್ಚಿ ಬಂತು. ಹೌದ್ರಪ್ಪಾ, ಅದೇ ನಕ್ಷೆ ಕೋಣೆಯ ಕುರ್ಚಿ, ವ್ಯಾನಿನಲ್ಲಿ, ಮಾಳಕ್ಕೇ! ಮರದ ನೆರಳಲ್ಲಿ, ಪದರ ಒಡೆಯದ ಕಡೆ ಇಳಿಸಿದ್ರು. ಮೆತ್ತಗಿನ ನೆಲ ಆಗಿದ್ರೆ ಕಾಲು ಹೂತುಹೋಗ್ತಿತ್ತು. ಅಲ್ಲಿ ಒಂದಿಷ್ಟೂ ಅಲ್ಲಾಡಲಿಲ್ಲ. ಅರೆಗುಂಡಿ ಕೂರೋಕೆ ಬಗ್ಗೋ ಅಷ್ಟರಲ್ಲಿ ಕುರಿ ಅಜ್ಜಿ ಬಂದು ಕೂತಾಗಿತ್ತು.

"ಚೆನ್ನಾಗಿದೆ ಕಣೋ ಮಗಾ. ನೀನು ತೋಡ್ತಿರು, ನಾನು ನೋಡ್ತಿರ್ತೀನಿ. ನಾಳೆ ಇನ್ನೊಂದು ಗುಂಡಿ ಅಲ್ಲಿ ತೋಡು, ಮರಿಗಳಿಗೂ ಬೇರೆ ನೀರಾಗುತ್ತೆ."

ಅರೆಗುಂಡಿ ನಿಂತಲ್ಲೇ ನಿಂತ. ಅವನ ಅರ್ಧ ಗುಂಡಿಯಲ್ಲಿ ನೀರು ಇನ್ನೂ ಹಾಗೇ ಫಳಫಳ ಅಂತಿತ್ತು. ಒಂದು ಮರಿ ಅದರಲ್ಲಿ ಮುಖ ಅದ್ದಿ ತಲೆ ಒದರಿತು. ಹನಿ ಅವನ ಮುಖಕ್ಕೂ ಸಿಡೀತು. ಯಾಕೋ ಏನೋ, ಬೆಳಗ್ಗೆಯಿಂದ ಬಾರದೇ ಇದ್ದ ನಗು ಆಗ ಬಂತು ಅವನಿಗೆ. ಅಷ್ಟರಲ್ಲಿ ಫೋನು ಬಡ್ಕೊಂಡ್ತು. ಹೆಂಡತಿ.

"ಕುರ್ಚಿ ಸಿಕ್ತಾ?"

"ಸಿಕ್ತು."

"ನಿಜವಾಗ್ಲೂ? ನನ್ನಾಣೆ? ಫ್ಯಾನು?"

ಅರೆಗುಂಡಿ ಬಯಲ ಉದ್ದಕ್ಕೂ ನೋಡಿದ. "ಗಾಳಿ ಜೋರಾಗೇ ಇದೆ ಕಣೇ," ಅಂದ. "ಎಣ್ಣೆ ಮಾತ್ರ ಸ್ವಲ್ಪ ಬಿಸಿ ಮಾಡಿಟ್ಟಿರು."

ಇಷ್ಟೇ ಕಣ್ರಪ್ಪಾ. ಈಗ ಆ ಕಡೆ ಹೋದ್ರೆ ಮಾಳದಲ್ಲಿ ಅಲ್ಲೊಂದು ಇಲ್ಲೊಂದು ಮರ ಇದೆ, ಪ್ರತಿ ಮರದ ಕೆಳಗೂ ಕುರಿ ಮಲಗಿರುತ್ತೆ. ನಂಬಿಕೆ ಬರದಿದ್ರೆ ಹೋಗಿ ಸಲಿಕೆ ಹಾಕಿ ನೋಡಿ, ಕೈ ಜುಮ್ ಅಂದಾಗ ನನ್ನ ನೆನಪು ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ಈ ವಾಯ್ಸನ್ನ ಫೋನಲ್ಲೇ ಹೂತಿಡಬೇಡಿ, ನಾಲ್ಕು ಜನಕ್ಕೆ ಕಳಿಸಿ. ಬೂಟಿನ ಮಾತು ಮಾಳ ದಾಟಬಾರದು ಅಂದಿದ್ರು ನಿಜ. ಮಾಳ ಯಾವುದು ಅಂತ ನಾನೆಲ್ಲಿ ಹೇಳಿದೆ?