ಅತ್ತೆಯ ಆಟ, ಅಳಿಯನ ಹೆಸರು

ನಮ್ಮ ಭಾಷೆಯಲ್ಲಿ ‘ಬರುತ್ತೆ’ ಎಂಬ ಮಾತನ್ನು ಹುಟ್ಟಿಸಿದ ಮಹಾನುಭಾವ ಯಾರೋ ನನಗೆ ತಿಳಿಯದು. ತಿಳಿದಿದ್ದರೆ ಅವನ ಮನೆ ಹುಡುಕಿಕೊಂಡು ಹೋಗಿ ಎರಡು ಮಾತು ಕೇಳಿಬಿಡುತ್ತಿದ್ದೆ. ಬಸ್ಸೂ ಬರುತ್ತೆ, ಕೆಮ್ಮೂ ಬರುತ್ತೆ, ಈಜೂ ಬರುತ್ತೆ. ಒಂದು ಹೊರಗಿನಿಂದ ಬರುವುದು, ಇನ್ನೊಂದು ಒಳಗಿನಿಂದ ಬರುವುದು, ಮತ್ತೊಂದು ಕಲಿತರೆ ಮಾತ್ರ ಬರುವುದು. ಮೂರಕ್ಕೂ ಒಂದೇ ಪದವೇ? ನನ್ನ ಮಾನ ಹೋದದ್ದು ಈ ಪದದಿಂದ. (ಹೋಗುವುದಕ್ಕೂ ಒಂದೇ ಪದ ಎನ್ನಿ. ಕರೆಂಟೂ ಹೋಗುತ್ತೆ, ಮಾನವೂ ಹೋಗುತ್ತೆ. ಕರೆಂಟಾದರೆ ಮತ್ತೆ ಬರುತ್ತೆ.)

ನಾನೊಂದು ಪತ್ರಿಕೆಯಲ್ಲಿ ಪ್ರೂಫ್ ರೀಡರ್. ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ತಪ್ಪುಗಳ ಮೇಲೆ ಬದುಕುತ್ತಿರುವವನು. ಒಂದು ದಿನ ವಾರದ ಪುರವಣಿಯ ಸಂಪಾದಕರು ಕಚೇರಿಯ ಮೆಟ್ಟಿಲ ಮೇಲೆ ಎದುರಾದರು. ಹತ್ತುತ್ತ ಹತ್ತುತ್ತಲೇ ಕೇಳಿದರು:

“ರೀ, ನಿಮಗೆ ಗೇಮ್ಸ್ ಬರುತ್ತಾ?”

ಪುರವಣಿಯ ವಿಡಿಯೊ ಗೇಮ್ಸ್ ಪುಟ ತಿದ್ದಲು ನನ್ನ ಮೇಜಿಗೆ ಬರುತ್ತದೆಯೇ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ.

“ಪ್ರತಿ ಗುರುವಾರ ಬರುತ್ತೆ ಸಾರ್.”

“ಎಷ್ಟು ವರ್ಷದಿಂದ?”

“ಆರೇಳು ವರ್ಷ ಆಯ್ತು.”

“ಅಯ್ಯೋ, ಹೇಳಬಾರದೇನ್ರೀ! ಇಂಥ ಪ್ರತಿಭೇನ ಮೂಲೇಲಿ ಕೂರಿಸಿದ್ದೀವಲ್ಲ!”

ಅವರ ಕೋಣೆಗೆ ಹೋದ ಮೇಲೆ ವಿಷಯ ಬಿಚ್ಚಿಕೊಂಡಿತು. ಆ ಪುಟಕ್ಕೆ ಬರೆಯುತ್ತಿದ್ದವನು ಕೆಲಸ ಬಿಟ್ಟಿದ್ದ. “ದೊಡ್ಡ ಕಂಪನಿಗಳ ಆಟ ಬೇಡ. ಇಬ್ಬರು ಮೂವರು ಸೇರಿ ಮನೇಲೇ ಕೂತು ಮಾಡ್ತಾರಲ್ಲ, ಸಣ್ಣ ಸಣ್ಣ ಸ್ವತಂತ್ರ ಆಟ, ಅವನ್ನ ಕಂಪ್ಯೂಟರಲ್ಲಿ ಆಡಿ. ಅನಿಸಿದ್ದನ್ನ ಮುಲಾಜಿಲ್ಲದೆ ಬರೀರಿ.” ‘ಸಾರ್, ನನಗೆ ಆಟ ಬರಲ್ಲ, ಪುಟ ಬರುತ್ತೆ’ ಎಂದು ಅಲ್ಲೇ ಹೇಳಬಹುದಿತ್ತು. ಆದರೆ ಅವರು ‘ಪ್ರತಿಭೆ’ ಅಂದುಬಿಟ್ಟಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಆ ಕಟ್ಟಡದಲ್ಲಿ ನನ್ನನ್ನು ಯಾರೂ ‘ಪುಟ ಆಯ್ತೇನ್ರೀ’ ಎಂಬುದರ ಹೊರತು ಬೇರೇನೂ ಅಂದಿರಲಿಲ್ಲ.

ಮನೆಯಲ್ಲಿ ವಿಷಯ ಅರ್ಧ ಹೇಳಿದೆ. ಆಟಗಳನ್ನು ಸ್ವಲ್ಪ ನೋಡಿಡಬೇಕಂತೆ, ಆಫೀಸಿನ ಕೆಲಸ ಎಂದೆ.

“ರೀ, ಫೋನಲ್ಲಿ ಅಲಾರಂ ಆರಿಸೋಕೆ ನನ್ನನ್ನ ಕರೀತೀರಿ,” ಎಂದಳು ಹೆಂಡತಿ. “ನೀವು ನೋಡ್ತೀರಾ?”

ನನ್ನವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಇಡೀ ದಿನ ಅಪರಿಚಿತರ ಪಕ್ಕ ಕೂತು ಜೀವ ಕೈಯಲ್ಲಿ ಹಿಡಿದುಕೊಂಡವಳಿಗೆ ಸಂಜೆ ಗಂಡನ ಮೇಲೆ ನಂಬಿಕೆ ಉಳಿದಿರುವುದಿಲ್ಲ.

ಕಂಪ್ಯೂಟರು ಇರುವುದು ಹಾಲಿನಲ್ಲಿ. ಅದೇ ಹಾಲಿನ ಸೋಫಾದ ಮೇಲೆ, ಪ್ಲಾಸ್ಟರ್ ಹಾಕಿದ ಬಲಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ನಮ್ಮತ್ತೆ ವಿರಾಜಮಾನರಾಗಿದ್ದರು. ಮೆಟ್ಟಿಲಲ್ಲಿ ಜಾರಿ ಪಾದ ಮುರಿದುಕೊಂಡು ನಮ್ಮಲ್ಲಿಗೆ ಬಂದು ಹತ್ತು ದಿನವಾಗಿತ್ತು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್, ಕೊನೆಯ ಹನ್ನೆರಡು ವರ್ಷ ಹೆಡ್ ನರ್ಸ್. ಅವರು ವಾರ್ಡಿಗೆ ಬಂದರೆ ಡಾಕ್ಟರುಗಳು ಎದ್ದು ನಿಲ್ಲುತ್ತಿದ್ದರಂತೆ. (ಏಳಲಾಗದ ರೋಗಿಗಳೂ ಏಳುತ್ತಿದ್ದರು ಎಂದು ನನ್ನ ಅಂದಾಜು.)

ಮೊದಲ ಆಟ ಹಾಕಿದೆ. ಕತ್ತಲೆಯಲ್ಲೊಂದು ಮರ, ಕೆಳಗೆ ಲಾಟೀನು ಹಿಡಿದು ನಿಂತ ಹುಡುಗಿ. ಎಲೆಗಳು ಉದುರುತ್ತಿದ್ದವು, ಕೊಳಲು ಕೇಳುತ್ತಿತ್ತು. ಅರ್ಧ ಗಂಟೆ ತದೇಕಚಿತ್ತದಿಂದ ನೋಡಿ ಬರೆದುಕೊಂಡೆ: ‘ಗಂಭೀರ ಆಟ. ಸಂಗೀತ ಹಿತವಾಗಿದೆ. ಕಥೆಯ ಓಟ ತುಸು ನಿಧಾನ. ನಾಯಕಿಗೆ ಯಾವ ಅವಸರವೂ ಇಲ್ಲ.’

“ಅಳಿಯಂದಿರೇ,” ಎಂದರು ಅತ್ತೆ ಸೋಫಾದಿಂದ. “ಅಲ್ಲಿ ಕೆಳಗಡೆ ‘ಶುರು’ ಅಂತ ಬರೆದಿದೆ. ಒತ್ತಿದ್ರೆ ಆಟ ಶುರುವಾಗಬಹುದೇನೋ.”

ಒತ್ತಿದೆ. ಹುಡುಗಿ ನಡೆಯತೊಡಗಿದಳು. ನನಗೆ ಗೊತ್ತಿಲ್ಲದ ಯಾವುದೋ ಕಾರಣಕ್ಕೆ ನೇರವಾಗಿ ಬಾವಿಗೆ ಬಿದ್ದಳು. ಮತ್ತೆ ಹುಟ್ಟಿದಳು, ಮತ್ತೆ ಬಿದ್ದಳು. ಹಿಂದೆ ನಿಂತಿದ್ದ ಹೆಂಡತಿ ಬಲಗಾಲನ್ನು ನೆಲಕ್ಕೆ ಒತ್ತಿ ಒತ್ತಿ “ಬ್ರೇಕ್! ಬ್ರೇಕ್ ಹಿಡೀರಿ!” ಎಂದು ಕೂಗುತ್ತಿದ್ದಳು.

“ಎಲ್ಲಿದೆಯೇ ಬ್ರೇಕು?”

“ಅದನ್ನ ಹತ್ತೋಕೆ ಮುಂಚೆ ನೋಡ್ಕೋಬೇಕು!”

ಏಳನೆಯ ಸಲ ಬಾವಿಗೆ ಬಿದ್ದಾಗ ಅತ್ತೆ ಕೈ ಚಾಚಿದರು. “ಇಲ್ಲಿ ಕೊಡಿ. ಆ ಮಗು ನೋವು ನೋಡೋಕಾಗ್ತಿಲ್ಲ.” ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ನೆಗೆತಕ್ಕೆ ಬಾವಿ ದಾಟಿಸಿದರು. “ಕೈ ನಡುಗಬಾರದು, ಅಷ್ಟೇ. ಇಂಜೆಕ್ಷನ್ ಕೊಟ್ಟ ಹಾಗೆ.”

ಆಗ ನನ್ನ ತಲೆಯಲ್ಲಿ ಆ ದಿವ್ಯ ಉಪಾಯ ಹೊಳೆಯಿತು. ಆಡುವುದು ಅತ್ತೆ, ಅಭಿಪ್ರಾಯವೂ ಅತ್ತೆಯದು. ಬರೆದುಕೊಳ್ಳುವುದು ನಾನು. ಹೆಸರು? ಹೆಸರಿನ ವಿಷಯ ನಾನು ಅವರ ಹತ್ತಿರ ಎತ್ತಲಿಲ್ಲ.

ಅವರ ಅಭಿಪ್ರಾಯಗಳೋ, ಒಂದೊಂದೂ ಚುಚ್ಚುಮದ್ದೇ. ಕತ್ತಿ ಹಿಡಿದು ಹೋರಾಡುವ ಒಂದು ಆಟಕ್ಕೆ: “ಇವನಿಗೆ ಮೂರು ಜೀವ ಯಾಕೆ? ನಾನು ನೋಡಿದೋರಿಗೆಲ್ಲ ಒಂದೇ ಇತ್ತು. ಅದಕ್ಕೇ ಇವನಿಗೆ ಯಾವುದರಲ್ಲೂ ಗಮನ ಇಲ್ಲ.” ಲಿಫ್ಟ್ ನಡೆಸುವವನ ಆಟವೊಂದಿತ್ತು. ಹತ್ತಿದವರೆಲ್ಲ ತಮ್ಮ ದುಃಖ ಹೇಳಿಕೊಳ್ಳುತ್ತಾರೆ, ಇವನು ಕೇಳಬೇಕು. “ಎಲ್ಲಾ ಅಳ್ತಾರೆ, ಒಬ್ರೂ ಯಾವ ಮಹಡಿ ಅಂತ ಹೇಳಲ್ಲ. ಈ ಆಟ ಮಾಡಿದೋರು ಲಿಫ್ಟ್ ಹತ್ತಿದ್ದಾರಾ?” ಆಸ್ಪತ್ರೆ ನಡೆಸುವ ಆಟಕ್ಕಂತೂ ಕೆಂಡವಾದರು. “ರೋಗಿಗಳು ಸಾಲಾಗಿ ನಿಂತಿದ್ದಾರೆ, ಜೊತೆಗೆ ಒಬ್ಬ ನೆಂಟನೂ ಇಲ್ಲ. ನೆಂಟರೇ ಇಲ್ಲದ ಆಸ್ಪತ್ರೆ ಎಲ್ಲಿದೆ, ನಾನು ಹೋಗಿ ಸೇರ್ಕೋತೀನಿ!”

ಒಂದು ಆಟಕ್ಕೆ ಮಾತ್ರ ಬೈಯಲಿಲ್ಲ. ಬಸವನಹುಳು ಒಂದು ಪತ್ರ ಹೊತ್ತು ತೋಟದ ಆಚೆ ಬದಿಗೆ ಹೋಗಬೇಕು. ಒಂದು ಗಂಟೆ ಹಿಡಿಯುತ್ತದೆ. ಅತ್ತೆ ಮಾತಿಲ್ಲದೆ ಆಡಿ ಮುಗಿಸಿದರು. “ಏನು ಬರ್ಕೊಳ್ಳಲಿ?” ಎಂದೆ. “ಕಾಲು ಮುರಿದೋರಿಗೆ ಅರ್ಥ ಆಗುತ್ತೆ ಅಂತ ಬರ್ಕೊಳ್ಳಿ,” ಎಂದರು.

ಪುರವಣಿಯಲ್ಲಿ ‘ಆಟಗಾರನ ನೇರ ಮಾತು’ ಎಂದು ನನ್ನ ಫೋಟೋ ಸಮೇತ ಅಚ್ಚಾಗತೊಡಗಿತು. ಓದುಗರ ಪತ್ರಗಳು ಬಂದವು. ಲೋಕವನ್ನು ಹತ್ತಿರದಿಂದ ಕಂಡವನ ಬರಹ ಎಂದು ಯಾರೋ ಬರೆದರು. ಮನೆಗೆ ಬರುವ ಪುರವಣಿಯನ್ನು ನಾನು ಬೆಳಿಗ್ಗೆಯೇ ಎತ್ತಿ ಹಾಸಿಗೆಯ ಕೆಳಗೆ ತುರುಕುತ್ತಿದ್ದೆ. ಹೆಂಡತಿ ಕೇಳಿದರೆ ‘ಈ ವಾರ ಹಾಕಿಲ್ಲ ಕಣೇ’ ಎನ್ನುತ್ತಿದ್ದೆ. ಹಾಸಿಗೆ ವಾರದಿಂದ ವಾರಕ್ಕೆ ಎತ್ತರವಾಗುತ್ತಿತ್ತು.

ಏಳನೆಯ ವಾರ ಸಂಪಾದಕರು ಬಾಂಬು ಹಾಕಿದರು. ಗ್ರಂಥಾಲಯದ ಸಭಾಂಗಣದಲ್ಲಿ ಆಟಗಾರರ ಕೂಟ. ಒಬ್ಬ ಯುವತಿ ನಾಲ್ಕು ವರ್ಷ ಒಬ್ಬಳೇ ಕೂತು ಮಾಡಿದ ಆಟ ಮರುದಿನ ಬಿಡುಗಡೆ. ಅದನ್ನು ನಾನು ಎಲ್ಲರೆದುರು ಆಡಿ ಅಭಿಪ್ರಾಯ ಹೇಳಬೇಕು. ನನಗೆ ಜ್ವರ ಬರುವ ಹಾಗಿದೆ ಎಂದೆ. ಕೂಟ ಮುಗಿಸಿ ಬರಿಸಿಕೊಳ್ಳಿ ಎಂದರು.

ಆ ಹೊತ್ತಿಗೆ ಮನೆಗೆ ಕರೆಯೋಲೆ ಬಂದು, ಅದನ್ನು ಹೆಂಡತಿಯೇ ಒಡೆದು ನೋಡಿದ್ದಳು. “ಮುಖ್ಯ ಅತಿಥಿ! ನಾವೂ ಬರ್ತೀವಿ,” ಎಂದಳು, ಮುಖದಲ್ಲಿ ಯಾವ ಭಾವವೂ ಇಲ್ಲದೆ. ಪ್ಲಾಸ್ಟರ್ ತೆಗೆಸಿಕೊಂಡಿದ್ದ ಅತ್ತೆ ಕೋಲು ಹಿಡಿದು ಸಿದ್ಧರಾದರು. ಇವರಿಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬ ಲೆಕ್ಕದಲ್ಲಿ ನನಗೆ ದಾರಿಯುದ್ದಕ್ಕೂ ತಲೆ ಗಿರ್ರೆಂದಿತು.

ಆಟ ಕೇಳುವುದಕ್ಕೆ ಸರಳ. ಮೀನಿರುವ ಗಾಜಿನ ಬೋಗುಣಿ ಹಿಡಿದು ಒಬ್ಬ ಮನುಷ್ಯ ಏಳು ಮಹಡಿ ಹತ್ತಬೇಕು. ನೀರು ಚೆಲ್ಲಬಾರದು. ನನ್ನ ಮನುಷ್ಯ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸಿದ. ಬೋಗುಣಿ ಒಡೆಯಿತು. ಸಭೆ ನಕ್ಕಿತು. ಮತ್ತೆ ಮುಗ್ಗರಿಸಿದ. ಹನ್ನೊಂದನೆಯ ಸಲಕ್ಕೆ ನಗು ನಿಂತಿತು. ಹನ್ನೆರಡನೆಯ ಸಲ ಯಾವ ಗುಂಡಿ ಒತ್ತಿದೆನೋ, ಅವನು ತಿರುಗಿ ಬಾಗಿಲು ದಾಟಿ ಬೀದಿಗೆ ಹೋಗಿ ಬಸ್ಸಿನಡಿ ಬಿದ್ದ. ಆ ಬಸ್ಸು ಬಡಿಯುತ್ತದೆ ಎನ್ನುವುದು ಆಟ ಮಾಡಿದವಳಿಗೇ ಗೊತ್ತಿರಲಿಲ್ಲವಂತೆ.

ಆ ಯುವತಿ ಮೈಕು ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. “ಸಾರ್‌ಗೇ ಒಂದು ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಅಂದ್ರೆ ತಪ್ಪು ನನ್ನದೇ. ನಾಳೆ ಬಿಡುಗಡೆ ಮಾಡಲ್ಲ. ಮೊದಲಿಂದ ಮಾಡ್ತೀನಿ.”

ಮೊದಲಿಂದ! ಇನ್ನೂ ನಾಲ್ಕು ವರ್ಷ! ನಾನು ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಆದರೆ ಬಾಯಿ ಹೇಗೋ ತಾನಾಗಿಯೇ ತೆರೆದುಕೊಂಡಿತು.

“ತಪ್ಪು ನಿಮ್ಮ ಆಟದ್ದಲ್ಲಮ್ಮ. ನನಗೆ ಆಡೋಕೆ ಬರಲ್ಲ.”

ಸಭೆ ಚಪ್ಪಾಳೆ ತಟ್ಟಿತು. “ದೊಡ್ಡವರ ವಿನಯ ನೋಡಿ!” ಎಂದರು ಸಂಪಾದಕರು.

“ವಿನಯ ಅಲ್ಲ ಸಾರ್!” ಎಂದು ಕೂಗಿದೆ. “ನಿಜವಾಗ್ಲೂ ಬರಲ್ಲ. ಇಷ್ಟು ವಾರ ಬರೆದಿದ್ದೆಲ್ಲ ನಮ್ಮತ್ತೆ ಹೇಳಿದ್ದು. ಅಗೋ, ಮೂರನೇ ಸಾಲಲ್ಲಿ ಕೂತಿದ್ದಾರೆ.”

ಚಪ್ಪಾಳೆ ಅರ್ಧಕ್ಕೇ ನಿಂತಿತು. ಅತ್ತೆ ಕೋಲೂರಿ ಎದ್ದರು.

“ಇಷ್ಟು ಹೇಳೋಕೆ ಏಳು ವಾರ ಬೇಕಾಯ್ತೇನು ಅಳಿಯಂದಿರೇ? ಪಕ್ಕದ ಮನೆಯೋರೂ ಪೇಪರ್ ತರಿಸ್ತಾರೆ.”

ಹೆಂಡತಿ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆಂದು ಒಂದು ಕ್ಷಣ ಭ್ರಮಿಸಿದೆ.

ಅತ್ತೆ ವೇದಿಕೆಗೆ ಬಂದು ಕೂತು, ಏಳೂ ಮಹಡಿ ಹತ್ತಿಸಿದರು. ಐದನೆಯದರಲ್ಲಿ ನಾಲ್ಕು ಹನಿ ಚೆಲ್ಲಿತು, ಅಷ್ಟೇ. ಆಮೇಲೆ ಯುವತಿಯ ಕಡೆ ತಿರುಗಿದರು. “ಚೆನ್ನಾಗಿ ಮಾಡಿದ್ದೀಯಮ್ಮ. ನಾಳೆ ಬಿಡುಗಡೆ ಮಾಡು. ಆದ್ರೆ ನಾಲ್ಕನೇ ಮಹಡೀಲಿ ಒಂದು ಬೆಂಚು ಹಾಕು. ಮೀನಿನ ಬಗ್ಗೆ ಅಷ್ಟೊಂದು ಯೋಚನೆ ಮಾಡಿದೋಳು, ಹೊರೋನಿಗೆ ಸುಸ್ತಾಗುತ್ತೆ ಅನ್ನೋದು ಮರೆತಿದ್ದೀಯ.” ಅವಳು ಕಣ್ಣೊರೆಸಿಕೊಂಡು ನಕ್ಕು, ಅಂಗೈ ಮೇಲೆಯೇ ‘ಬೆಂಚು’ ಎಂದು ಬರೆದುಕೊಂಡಳು.

ವಾಪಸು ಬರುವಾಗ ಕಾರು ಹೆಂಡತಿಯೇ ಓಡಿಸುತ್ತಿದ್ದಳು.

“ಬೈಯೋದಿದ್ರೆ ಬೈದುಬಿಡೇ,” ಎಂದೆ.

“ನಿಜ ಹೇಳಿದ್ರಲ್ಲ, ಅದು ಚೆನ್ನಾಗಿತ್ತು,” ಎಂದಳು ಗೇರು ಬದಲಿಸುತ್ತ. “ಬಸ್ಸಿಗೆ ಸಿಕ್ಕಿದ್ದು ಇನ್ನೂ ಚೆನ್ನಾಗಿತ್ತು.”

ಅಂಕಣ ಅತ್ತೆಗೆ ಹೋಯಿತು, ಅವರ ಫೋಟೋ ಸಮೇತ. ಅದರ ಪ್ರೂಫು ನನಗೆ. ಇಲ್ಲಿಗೆ ನನ್ನ ಪ್ರಾಯಶ್ಚಿತ್ತ ಮುಗಿಯಿತು ಎಂದುಕೊಂಡೆ. ಆದರೆ ಓದುಗರು, ಒಂದೊಂದು ಆಟ ಎಷ್ಟು ಕಷ್ಟ ಎನ್ನುವುದನ್ನೂ ತಿಳಿಸಿ ಎಂದು ಪತ್ರ ಬರೆಯಬೇಕೇ? ಕಷ್ಟವನ್ನು ಅಳೆಯುವುದಕ್ಕೆ ಅತ್ತೆಗೆ ಒಂದು ಮಾಪಕ ಬೇಕಾಗಿತ್ತು. ಅದು ಮನೆಯಲ್ಲೇ ಇತ್ತು.

“ಅಳಿಯಂದಿರೇ,” ಎಂದು ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕರೆಯುತ್ತಾರೆ, “ಬನ್ನಿ, ಒಂದರ್ಧ ಗಂಟೆ ಸತ್ತು ಹೋಗಿ.”

ನಾನು ಆಡುತ್ತೇನೆ. ಹೆಂಡತಿ ಎಣಿಸುತ್ತಾಳೆ. ವಾರದ ಕೊನೆಗೆ ಅಚ್ಚಾಗುತ್ತದೆ: ‘ಈ ಆಟದಲ್ಲಿ ನಮ್ಮ ಅಳಿಯಂದಿರು ಒಂಬತ್ತು ಸಲ ತೀರಿಕೊಂಡರು.’ ಅತ್ತೆ ಅಚ್ಚಿನಲ್ಲೂ ಗೌರವ ಬಿಡುವವರಲ್ಲ. ಆ ಗೌರವದ ಬಹುವಚನದಿಂದಾಗಿ, ಅಮ್ಮಾ ತಮಗೆ ಒಟ್ಟು ಎಷ್ಟು ಜನ ಅಳಿಯಂದಿರು, ಎಲ್ಲರಿಗೂ ಹೀಗಾಯಿತೇ ಎಂದು ಒಬ್ಬ ಓದುಗರು ಗಾಬರಿಯಿಂದ ವಿಚಾರಿಸಿದ್ದರು. ಕಚೇರಿಯ ಮೆಟ್ಟಿಲ ಮೇಲೆ ಸಿಕ್ಕವರೆಲ್ಲ “ಈ ವಾರ ಎಷ್ಟು ಸಲ?” ಎನ್ನುತ್ತಾರೆ.

ಕಳೆದ ತಿಂಗಳು ತಡೆಯಲಾಗಲಿಲ್ಲ. ಪುಟ ನನ್ನ ಮೇಜಿನ ಮೇಲಿತ್ತು. ‘ಹದಿನಾಲ್ಕು ಸಲ ತೀರಿಕೊಂಡರು’ ಎಂದಿತ್ತು. ಅಕ್ಕಪಕ್ಕ ಯಾರೂ ಇರಲಿಲ್ಲ. ‘ಹದಿ’ ಎಂಬ ಎರಡೇ ಎರಡು ಅಕ್ಷರ ಹೊಡೆದುಹಾಕಿದೆ. ನಾಲ್ಕು ಸಲ ಸಾಯುವುದು ಒಬ್ಬ ಗೃಹಸ್ಥನಿಗೆ ಅಂಥ ಅವಮಾನವೇನಲ್ಲ.

ಮುಂದಿನ ವಾರದ ಪುಟದಲ್ಲಿ, ಕೆಳಮೂಲೆಯಲ್ಲಿ, ಚೌಕಟ್ಟು ಹಾಕಿ ಹೀಗಿತ್ತು:

‘ತಿದ್ದುಪಡಿ: ಕಳೆದ ವಾರದ ಅಂಕಣದಲ್ಲಿ ನಮ್ಮ ಅಳಿಯಂದಿರು ನಾಲ್ಕು ಸಲ ತೀರಿಕೊಂಡರೆಂದು ಪ್ರಕಟವಾಗಿತ್ತು. ಅದನ್ನು ಹದಿನಾಲ್ಕು ಸಲ ಎಂದು ಓದಿಕೊಳ್ಳಬೇಕಾಗಿ ವಿನಂತಿ. ತಪ್ಪು ಪ್ರೂಫ್ ರೀಡರರದು. ಅವರೂ ನಮ್ಮ ಅಳಿಯಂದಿರೇ.’

ಕೆಂಪು ಪೆನ್ನು ಹಿಡಿದು ಮೂರು ಸಲ ಓದಿದೆ. ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ. ಸಹಿ ಹಾಕಿ ಅಚ್ಚಿಗೆ ಕಳಿಸಿದೆ.